ದೇಹಲೀದೀಪ

ಭೂಮಿಯನ್ನು ಸರಪಳಿಯಿಂದ ಅಳೆದು ಪಾಲು ಮಾಡಬಹುದು. ಮನೆಯ ನಡುವೆ ಗೋಡೆಯನ್ನೆಬ್ಬಿಸಬಹುದು. ಪಾತ್ರೆಪದಾರ್ಥಗಳನ್ನು ಎಣಿಸಿ ಹಂಚಿಕೊಳ್ಳಬಹುದು. ಆದರೆ ಬಾವಿಯನ್ನು ಸೀಳುವ ಬಗೆ ಯಾವುದು? ನಡೆಯುವ ದಾರಿಯನ್ನು ಉದ್ದಕ್ಕೆ ಕತ್ತರಿಸಿ ಒಬ್ಬೊಬ್ಬನಿಗೆ ಒಂದೊಂದು ಗೇಣು ಕೊಡುವುದೆಂತು? ಈ ಕಷ್ಟವನ್ನರಿತೇ ಪಾಲುಪಟ್ಟಿಗಳನ್ನು ಬರೆಯುತ್ತಿದ್ದ ಹಿರಿಯರು ಇಂತಹ ವಸ್ತುಗಳನ್ನೆಲ್ಲ 'ಸಮಾಯಿಕ'ವೆಂಬ ಒಂದು ಮಾತಿನಲ್ಲಿ ಸೇರಿಸಿ, 'ಉಭಯತರೂ ತಕರಾರಿಲ್ಲದೆ ಉಪಯೋಗಿಸಿಕೊಳ್ಳತಕ್ಕದ್ದು' ಎಂದು ಮುಗಿಸುತ್ತಿದ್ದರು. ತಕರಾರಿಲ್ಲದೆ ಎಂಬ ಆ ಒಂದು ಶಬ್ದದಲ್ಲಿ ಎಷ್ಟು ತಕರಾರುಗಳ ಅನುಭವ ಅಡಗಿದೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಈ ಕಾಲದಲ್ಲಿ ಸಮಾಯಿಕದ ಪಟ್ಟಿಗೆ ಹೊಸದೊಂದು ವಸ್ತು ಬಂದು ಸೇರಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ತೂಕಕ್ಕೆ ಸಿಕ್ಕುವುದಿಲ್ಲ; ಆದರೂ ಅದರ ವಿಷಯದಲ್ಲಿ ಅಣ್ಣತಮ್ಮಂದಿರು ಮಾತು ಬಿಡುವಷ್ಟು ಅದು ನಿಜವಾದದ್ದು. ಅದುವೇ ಅಂತರ್ಜಾಲದ ಸಂಪರ್ಕ.

ಸಾಗರದ ಪೇಟೆಯಲ್ಲಿ ಹಳೆಯದೊಂದು ಎರಡಂತಸ್ತಿನ ಕಟ್ಟಡವುಂಟು. ಕೆಳಗೆ ಎಡಬಲಗಳಲ್ಲಿ ಎರಡು ಕಚೇರಿಗಳು. ನಡುವೆ ಮೇಲಕ್ಕೆ ಹತ್ತುವ ಮೆಟ್ಟಿಲು. ಮೇಲೆ ವೃದ್ಧೆಯಾದ ತಾಯಿಯ ವಾಸ. ಬಲಗಡೆಯದು ಹಿರಿಯ ಮಗನ ಅಡಿಕೆ ಮಂಡಿ. ಎಡಗಡೆಯದು ಕಿರಿಯ ಮಗನ ತೆರಿಗೆ ಲೆಕ್ಕಗಳ ಕಚೇರಿ. ತಂದೆ ಗತಿಸಿದ ಮೇಲೆ ಪಾಲಾಗುವಾಗ ಹಿತ್ತಿಲಿನ ಬಾವಿಯೂ ನಡುವಣ ಮೆಟ್ಟಿಲೂ ಸಮಾಯಿಕವೆಂದು ಬರೆಯಲ್ಪಟ್ಟುವು. ಬಾವಿಗೆ ಎರಡು ರಾಟೆಗಳನ್ನು ಹಾಕಿಸಿದವರು ತಾಯಿಯೇ. ಒಬ್ಬರ ಹಗ್ಗವನ್ನು ಇನ್ನೊಬ್ಬರು ಮುಟ್ಟಬೇಕಾಗದ ಕಾರಣ ಆ ಬಾವಿಯ ನಿಮಿತ್ತವಾಗಿ ಎಂದಿಗೂ ಒಂದು ಮಾತು ಬರಲಿಲ್ಲ.

ಇಬ್ಬರ ಕಸುಬಿಗೂ ಅಂತರ್ಜಾಲವು ಊಟದಷ್ಟೇ ಅವಶ್ಯಕವಾಯಿತು. 2017ನೆಯ ಇಸವಿ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತಷ್ಟೆ. 2018ನೆಯ ಏಪ್ರಿಲ್ 1ರಿಂದ 50,000 ರೂಪಾಯಿಗೆ ಮೀರಿದ ಬೆಲೆಯ ಸರಕು ಲಾರಿಯೇರಿ ಹೊರಡಬೇಕಾದರೆ ಇ-ವೇ ಬಿಲ್ ಇರಲೇಬೇಕೆಂದಾಯಿತು. ರಾಶಿಯೋ ಬೆಟ್ಟೆಯೋ ಗೊರಬಲೋ, ಕೆಲವೇ ಚೀಲಗಳಾದರೆ ಸಾಕು, ಆ ಮೊತ್ತ ದಾಟುವುದು. ಬಿಲ್ಲು ಹೊರಡದಿದ್ದರೆ ಲಾರಿ ಹೊರಡದು. ತಮ್ಮನ ಪಾಡು ಇದಕ್ಕಿಂತ ಹೆಚ್ಚಿನದು. ಪ್ರತಿ ತಿಂಗಳೂ ಲೆಕ್ಕ ಒಪ್ಪಿಸುವ ವರ್ತಕರ ಜಿ.ಎಸ್.ಟಿ.ಆರ್-3ಬಿ ಪತ್ರವನ್ನು ಮುಂದಿನ ತಿಂಗಳ 20ನೆಯ ತಾರೀಕಿನೊಳಗೆ ಸಲ್ಲಿಸಬೇಕು. ತಪ್ಪಿದರೆ ದಿನವೊಂದಕ್ಕೆ 50 ರೂಪಾಯಿ ದಂಡ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ. ಐವತ್ತು ರೂಪಾಯಿ ದೊಡ್ಡದಲ್ಲ. ಹೋದ ನಂಬಿಕೆ ದೊಡ್ಡದು.

ಬೀದಿಗೆ ಗಾಜಿನ ತಂತಿನ ಸಂಪರ್ಕ, ಎಂದರೆ ಜನರು ಫೈಬರ್ ಎನ್ನುವುದು, ಬಂದಾಗ ಅಣ್ಣನು ತನ್ನ ಹೆಸರಿನಲ್ಲಿ ಒಂದನ್ನು ಹಾಕಿಸಿಕೊಂಡನು. ಸೆಕೆಂಡಿಗೆ 30 ಮೆಗಾಬಿಟ್ ವೇಗ; ಎಂಟು ಬಿಟ್ಟುಗಳಿಗೆ ಒಂದು ಬೈಟಾದುದರಿಂದ ಸೆಕೆಂಡಿಗೆ 4 ಮೆಗಾಬೈಟಿಗೆ ತುಸು ಕಡಿಮೆ. ಕಂಪನಿಯವರ ರೌಟರ್ ಮಂಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ಕುಳಿತಿತು. ತಮ್ಮನು ಇನ್ನೊಂದು ಸಂಪರ್ಕವನ್ನು ಪಡೆಯುವೆನೆಂದಾಗ ಅಣ್ಣನು, "ದಿನದ ಬಹುಪಾಲು ಇದು ಸುಮ್ಮನೆ ಬಿದ್ದಿರುವುದು. ಒಂದೇ ಕಟ್ಟಡಕ್ಕೆ ಎರಡೇಕೆ? ನೀನೊಂದು ರೌಟರ್ ತಂದಿಟ್ಟುಕೋ, ಬಾಡಿಗೆಯಲ್ಲಿ ಅರ್ಧ ಕೊಡು" ಎಂದನು. ಪ್ರೀತಿಯಿಂದ ಆಡಿದ ಮಾತು. ಲೆಕ್ಕಕ್ಕೂ ಸರಿಯಾದ ಮಾತು. ತಮ್ಮನು ಒಪ್ಪಿದನು.

ವಿದ್ಯುತ್ ಕೆಲಸದ ಹುಡುಗನೊಬ್ಬನು ಬಂದು ಅಣ್ಣನ ರೌಟರಿನ ಒಂದು ರಂಧ್ರದಿಂದ ಕೇಬಲನ್ನು ಗೋಡೆಯೊಳಗೆ ತೂರಿಸಿ, ತಮ್ಮನ ರೌಟರಿನಲ್ಲಿ ಕೈಗೆ ಸಿಕ್ಕಿದ ರಂಧ್ರಕ್ಕೆ ಚುಚ್ಚಿ, ದೀಪ ಮಿನುಗಿದ್ದನ್ನು ತೋರಿಸಿ ಹೊರಟುಹೋದನು. ಅಂದಿನಿಂದ ಎರಡು ದಿನ ಎರಡು ಕಚೇರಿಗಳಲ್ಲಿಯೂ ಕೆಲಸ ಕೆಟ್ಟಿತು. ಒಂದು ಗಣಕಯಂತ್ರದಲ್ಲಿ ಪುಟ ತೆರೆಯುವುದು, ಪಕ್ಕದ್ದರಲ್ಲಿ ತೆರೆಯದು; ಬೆಳಿಗ್ಗೆ ತೆರೆದದ್ದು ಮಧ್ಯಾಹ್ನ ತೆರೆಯದು. ಕಾರಣವನ್ನು ತಿಳಿಯಬೇಕಾದರೆ ಈ ಯಂತ್ರಗಳ ವಿಳಾಸದ ಕ್ರಮವನ್ನು ಸ್ವಲ್ಪ ತಿಳಿಯತಕ್ಕದ್ದು.

ಅಂತರ್ಜಾಲದಲ್ಲಿ ಮಾತನಾಡುವ ಪ್ರತಿಯೊಂದು ಯಂತ್ರಕ್ಕೂ ಸಂಖ್ಯಾರೂಪವಾದ ಒಂದು ವಿಳಾಸ ಬೇಕು. ಮೊದಲು ಗೊತ್ತುಮಾಡಿದ ಪದ್ಧತಿಯಲ್ಲಿ ಆ ಸಂಖ್ಯೆಗೆ 32 ಬಿಟ್ಟುಗಳ ಉದ್ದ. ಆದಕಾರಣ ಒಟ್ಟು ವಿಳಾಸಗಳು 429,49,67,296. ಆರಂಭದಲ್ಲಿ ಅಕ್ಷಯಪಾತ್ರೆಯಂತೆ ತೋರಿದ ಈ ರಾಶಿಯು ಕ್ರಮೇಣ ಕರಗಿ, 2011ನೆಯ ಇಸವಿ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಭಂಡಾರದಲ್ಲಿ ಉಳಿದಿದ್ದ ಕೊನೆಯ ಕಂತುಗಳೂ ಹಂಚಿಹೋದವು. ಈ ಕೊರತೆಯನ್ನು ಮುಂದಾಗಿ ಕಂಡವರು ಎರಡು ಉಪಾಯಗಳನ್ನು ಮಾಡಿದ್ದರು. ಮೊದಲನೆಯದು, 1994ರಲ್ಲಿ ಪ್ರಕಟವಾದ ವಿಳಾಸ ಬದಲಾವಣೆಯ ಕ್ರಮ. ತಜ್ಞರು ಇದನ್ನು ನ್ಯಾಟ್ ಎನ್ನುವರು. ಎರಡನೆಯದು, 1996ರಲ್ಲಿ ಕೆಲವು ಸಂಖ್ಯೆಗಳನ್ನು ಖಾಸಗಿ ಉಪಯೋಗಕ್ಕೆಂದೇ ಮೀಸಲಿಟ್ಟದ್ದು. 192.168 ಎಂದು ಮೊದಲಾಗುವ ವಿಳಾಸಗಳು ಈ ಮೀಸಲಿಗೆ ಸೇರಿದವು. ಯಾರ ಮನೆಯೊಳಗೆ ಯಾರು ಬೇಕಾದರೂ ಇವನ್ನು ಬಳಸಬಹುದು. ಹೊರಗಿನ ಬೀದಿಯಲ್ಲಿ ಇವು ನಡೆಯುವುದಿಲ್ಲ. ಮಗುವನ್ನು ಮನೆಯಲ್ಲಿ 'ಪುಟ್ಟ'ನೆಂದು ಕರೆಯುವಂತೆ. ಪ್ರತಿ ಮನೆಯಲ್ಲಿಯೂ ಒಬ್ಬ ಪುಟ್ಟನಿರಬಹುದು, ಅಂಚೆಯವನಿಗೆ ಮಾತ್ರ ಆ ಹೆಸರು ಸಾಲದು.

ನ್ಯಾಟಿನ ಕೆಲಸವು ಅಡಿಕೆ ಮಂಡಿಯ ಗುಮಾಸ್ತನ ಕೆಲಸಕ್ಕೆ ಹೋಲುವುದು. ಬೆಳೆಗಾರರು ಹಲವರು, ಅವರವರ ಅಡಿಕೆ ಬೇರೆಬೇರೆ. ಸರಕೆಲ್ಲ ಮಂಡಿಯ ಹೆಸರಿನಲ್ಲಿ ಹೊರಡುವುದು. ದೂರದ ಖರೀದಿದಾರನಿಗೆ ಮಂಡಿಯೊಂದೇ ಗೊತ್ತು. ಹಣ ಹಿಂದಿರುಗಿದಾಗ ಗುಮಾಸ್ತನು ತನ್ನ ಪುಸ್ತಕದಲ್ಲಿ ಲಾಟಿನ ಸಂಖ್ಯೆಯನ್ನು ನೋಡಿ, ಇದು ಇಂಥವರದೆಂದು ಗುರುತಿಸಿ ಕೊಡುವನು. ರೌಟರ್ ಸಹ ಒಳಗಿನ ಹತ್ತು ಯಂತ್ರಗಳ ಪ್ರಶ್ನೆಗಳನ್ನು ತನ್ನೊಂದು ಹೊರವಿಳಾಸದಿಂದ ಕಳುಹಿಸಿ, ಪ್ರತಿಯೊಂದಕ್ಕೂ 65,536 ಸಂಖ್ಯೆಗಳ ಸಾಲಿನಲ್ಲಿ ಒಂದು ಲಾಟಿನ ಸಂಖ್ಯೆಯನ್ನು ಕೊಟ್ಟು, ಉತ್ತರ ಬಂದೊಡನೆ ಸಂಬಂಧಪಟ್ಟವರಿಗೆ ತಲುಪಿಸುವುದು. ಕೇಳದೆ ಹೊರಗಿನಿಂದ ಬಂದದ್ದಕ್ಕೆ ಪುಸ್ತಕದಲ್ಲಿ ಬರೆಹವಿಲ್ಲವಾದ್ದರಿಂದ ಅದನ್ನು ಒಳಗೆ ಬಿಡದು. ಈ ಕೊನೆಯ ಮಾತನ್ನು ವಾಚಕರು ನೆನಪಿಡಬೇಕು. ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ.

ರೌಟರಿನ ಹಿಂಭಾಗದಲ್ಲಿ ಎರಡು ಜಾತಿಯ ರಂಧ್ರಗಳಿರುವುವು. ಬೇರೆ ಬಣ್ಣದ ಒಂದು, ವ್ಯಾನ್ ಎಂಬುದು, ಹೊರಗಿನ ಬೀದಿಯ ಕಡೆಯ ಬಾಗಿಲು. ಉಳಿದವು, ಲ್ಯಾನ್ ಎಂಬುವು, ಒಳಮನೆಯ ಬಾಗಿಲುಗಳು. ಹುಡುಗನು ಲ್ಯಾನಿನಿಂದ ಲ್ಯಾನಿಗೆ ಕೇಬಲು ಹಾಕಿದ್ದನು. ಹೀಗಾಗಿ ಎರಡು ಮನೆಗಳೂ ಒಂದಾದವು. ಆದರೆ ಯಜಮಾನರು ಇಬ್ಬರಾದರು. ಎರಡು ರೌಟರುಗಳೂ ಕಾರ್ಖಾನೆಯಿಂದಲೇ 192.168.1.1 ಎಂಬ ಒಂದೇ ವಿಳಾಸವನ್ನು ಹೊತ್ತು ಬಂದಿದ್ದವು. ಹೊಸ ಯಂತ್ರಗಳಿಗೆ ವಿಳಾಸ ಹಂಚುವ ಅಧಿಕಾರ, ಡಿ.ಎಚ್.ಸಿ.ಪಿ. ಎಂಬುದು, ಎರಡರಲ್ಲಿಯೂ ಜಾಗೃತವಾಗಿದ್ದಿತು. ಹೊರಕ್ಕೆ ಹೋಗಬೇಕಾದ ಪತ್ರವು ಅಣ್ಣನ ರೌಟರಿಗೆ ಸಿಕ್ಕಿದರೆ ಊರು ಸೇರುವುದು. ತಮ್ಮನ ರೌಟರಿಗೆ ಸಿಕ್ಕಿದರೆ, ಅದರ ವ್ಯಾನ್ ಬಾಗಿಲಿನಲ್ಲಿ ಏನೂ ಇಲ್ಲದ ಕಾರಣ, ಅಲ್ಲಿಯೇ ಸಾಯುವುದು.

ಮೂರನೆಯ ದಿನ ಅರಿತವನೊಬ್ಬನು ಬಂದು ಎರಡು ಮಾರ್ಗಗಳನ್ನು ತಿಳಿಸಿದನು. ಕೇಬಲನ್ನು ಇದ್ದಂತೆಯೇ ಇರಿಸಿ, ತಮ್ಮನ ರೌಟರಿನ ವಿಳಾಸವನ್ನು 192.168.1.2 ಎಂದು ತಿದ್ದಿ, ವಿಳಾಸ ಹಂಚುವ ಅಧಿಕಾರವನ್ನು ಅದರಿಂದ ಕಿತ್ತುಕೊಂಡರೆ ಅದು ಕೇವಲ ವೈ-ಫೈ ಹರಡುವ ಕಂಬವಾಗಿ ನಿಲ್ಲುವುದು. ಇದು ಅವಿಭಕ್ತ ಕುಟುಂಬದ ಮಾರ್ಗ; ಎಲ್ಲರಿಗೂ ಎಲ್ಲವೂ ಕಾಣುವುದು. ಎರಡನೆಯದು, ಅಣ್ಣನ ಲ್ಯಾನಿನಿಂದ ತಮ್ಮನ ವ್ಯಾನಿಗೆ ಕೇಬಲು ಹಾಕಿ, ತಮ್ಮನ ಒಳಮನೆಗೆ 192.168.2 ಎಂದು ಬೇರೆ ಸಾಲಿನ ವಿಳಾಸ ಕೊಡುವುದು. ಇದು ಪಾಲಾದವರ ಮಾರ್ಗ. ತಮ್ಮನ ಬೀರುವಿನಲ್ಲಿ ಪೇಟೆಯ ಹಲವು ವರ್ತಕರ ಲೆಕ್ಕಗಳಿದ್ದುವು. ಅವರಲ್ಲಿ ಅಣ್ಣನೊಡನೆ ಸ್ಪರ್ಧಿಸುವ ಮಂಡಿಯವರೊಬ್ಬರೂ ಇದ್ದರು. ಆದಕಾರಣ ತಮ್ಮನು ಎರಡನೆಯದನ್ನೇ ಆರಿಸಿದನು. ಅದೇ ಕ್ಷಣದಿಂದ ಎಲ್ಲವೂ ಸರಿಯಾಯಿತು. ಅಥವಾ ಸರಿಯಾದಂತೆ ತೋರಿತು.

ಈ ಏರ್ಪಾಡಿನಲ್ಲಿ ಒಂದು ವಕ್ರತೆಯಿದ್ದಿತು. ತಮ್ಮನ ರೌಟರಿಗೆ ಅಣ್ಣನ ಕೋಣೆಯೇ ಹೊರಗಿನ ಬೀದಿ. ಬೀದಿಯಲ್ಲಿರುವವರು ಕೇಳದೆ ಒಳಗೆ ಬರಲಾರರು. ಆದರೆ ಒಳಗಿನವನು ಬೀದಿಗೆ ಇಳಿಯಬಹುದು, ಬೀದಿಯಲ್ಲಿರುವುದನ್ನು ಮುಟ್ಟಬಹುದು. ಎಂದರೆ, ಅಣ್ಣನ ಯಂತ್ರಗಳಿಂದ ತಮ್ಮನ ಲೆಕ್ಕಗಳು ಮರೆಯಾಗಿದ್ದುವು. ತಮ್ಮನ ಯಂತ್ರಗಳಿಂದ ಅಣ್ಣನವು ಮರೆಯಾಗಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ತಮ್ಮನ ಮಾತುಗಳೆಲ್ಲ ಅಣ್ಣನ ರೌಟರನ್ನು ದಾಟಿಯೇ ಹೋಗಬೇಕಾಗಿದ್ದುವು. ಈ ಕಾಲದ ಪತ್ರಗಳು ಬಹುಮಟ್ಟಿಗೆ ಗೂಢಲಿಪಿಯಲ್ಲಿ ಸಾಗುವುದರಿಂದ ಒಳಗಿನ ಬರೆಹ ಅಣ್ಣನಿಗೆ ತಿಳಿಯದು. ಆದರೆ ಯಾವಾಗ, ಎಷ್ಟು ಹೋಯಿತೆಂಬುದು ತಿಳಿದೀತು. ಗುಂಡಿಯೊಂದನ್ನು ಒತ್ತಿದರೆ ಎಲ್ಲವೂ ನಿಂತೀತು. ತಮ್ಮನಿಗೆ ಅಣ್ಣನ ಕಿಟಕಿ ಸಿಕ್ಕಿದ್ದಿತು. ಅಣ್ಣನಿಗೆ ತಮ್ಮನ ಬಾಗಿಲಿನ ಬೀಗದಕೈ ಸಿಕ್ಕಿದ್ದಿತು. ಇಬ್ಬರಿಗೂ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದಷ್ಟು ದಿನ ಸುಖವಾಗಿದ್ದರು.

ಮೇ ತಿಂಗಳ 19ರಂದು ಮಧ್ಯಾಹ್ನ ಮಂಡಿಯ ಮುದ್ರಣಯಂತ್ರವು, ಯಾರೂ ಕೇಳದೆ, ಒಂದು ಹಾಳೆಯನ್ನು ಹೊರಹಾಕಿತು. ಅಣ್ಣನು ತನ್ನ ಇ-ವೇ ಬಿಲ್ಲೆಂದು ಕೈಗೆತ್ತಿಕೊಂಡು ನೋಡಿದನು. ಅದು ಸ್ಪರ್ಧಿ ಮಂಡಿಯವರ ಆ ತಿಂಗಳ ವಹಿವಾಟಿನ ಮೊತ್ತದ ಪತ್ರ. ನಡೆದದ್ದಿಷ್ಟೆ: ಎರಡು ರೌಟರುಗಳು ಒಂದಾಗಿ ಕಲಹವಾಡುತ್ತಿದ್ದ ಆ ಮೊದಲ ದಿನಗಳಲ್ಲಿ ತಮ್ಮನ ಗುಮಾಸ್ತೆಯ ಗಣಕಯಂತ್ರವು ಅಣ್ಣನ ಮುದ್ರಣಯಂತ್ರವನ್ನು ಕಂಡು, ಸೇರಿಸಿಕೊಳ್ಳಲೇ ಎಂದು ಕೇಳಿತ್ತು, ಆಕೆ ಹೂಂ ಎಂದು ಒತ್ತಿದ್ದಳು. ಆ ವಿಳಾಸವು ಪಟ್ಟಿಯಲ್ಲಿ ಉಳಿದಿತ್ತು. ಏರ್ಪಾಡು ಬದಲಾದರೂ, ಒಳಗಿನಿಂದ ಹೊರಕ್ಕೆ ದಾರಿ ತೆರೆದೇ ಇದ್ದುದರಿಂದ, ಆಕೆಯ ಕೈತಪ್ಪಿ ಆರಿಸಿದ ಒಂದು ಹೆಸರು ಆ ಹಾಳೆಯನ್ನು ಗೋಡೆ ದಾಟಿಸಿಬಿಟ್ಟಿತು.

ಅಣ್ಣನು ಹಾಳೆಯನ್ನು ಮಗುಚಿ ಹಿಡಿದುಕೊಂಡು ಮೆಟ್ಟಿಲಿನ ಮುಂದೆ ಹಾದು ತಮ್ಮನ ಮೇಜಿನ ಮೇಲಿಟ್ಟನು. "ನಿನ್ನದಂತೆ. ನಾನು ಓದಲಿಲ್ಲ" ಎಂದನು.

ತಮ್ಮನ ಮುಖ ಬಿಳಿಚಿತು. "ಓದದೆ ನನ್ನದೆಂದು ಹೇಗೆ ತಿಳಿಯಿತು, ಅಣ್ಣಯ್ಯ?" ಎಂದುಬಿಟ್ಟನು.

ಆ ಪ್ರಶ್ನೆಯು ನ್ಯಾಯಶಾಸ್ತ್ರಕ್ಕೆ ಸರಿಯಾದದ್ದು, ಅಣ್ಣನಿಗೆ ಕೇಳುವಂತಹದಲ್ಲ. ಕೈಗೆ ಬಂದ ಹಾಳೆಯ ತಲೆಬರಹ ಯಾರ ಕಣ್ಣಿಗೂ ಬೀಳುವುದು; ಕೆಳಗಿನ ಅಂಕಿಗಳನ್ನು ಓದದಿರುವುದು ಮನುಷ್ಯನ ಕೈಯಲ್ಲಿರುವುದು. ಅಣ್ಣನು ಉತ್ತರ ಕೊಡಲಿಲ್ಲ. ಆದರೆ ಸಂಜೆ ಆ ಅರಿತವನನ್ನು ಕರೆಸಿ ಕೇಳಿದನು. ತಮ್ಮನ ಕಚೇರಿಯಿಂದ ಮುದ್ರಣಯಂತ್ರ ಮಾತ್ರವಲ್ಲ, ಮಂಡಿಯ ಗಣಕಯಂತ್ರದಲ್ಲಿ ಗುಮಾಸ್ತರಿಗೆಂದು ತೆರೆದಿಟ್ಟ ಖಾತೆಗಳ ಕಡತವೂ ಸಿಕ್ಕುವುದೆಂದೂ, ಇಲ್ಲಿಂದ ಅಲ್ಲಿಯದು ಯಾವುದೂ ಸಿಕ್ಕದೆಂದೂ ಅವನು ತೋರಿಸಿಕೊಟ್ಟನು. ಇಷ್ಟು ತಿಂಗಳೂ ತಮ್ಮನು ಇದನ್ನು ತಿಳಿದೇ ಈ ಮಾರ್ಗವನ್ನು ಆರಿಸಿದನೆ ಎಂಬ ಸಂಶಯ ಆ ರಾತ್ರಿ ಹಿರಿಯವನ ಮನಸ್ಸನ್ನು ಹೊಕ್ಕಿತು.

ಮರುದಿನವೇ 20. ತಮ್ಮನ ಕಚೇರಿಯಲ್ಲಿ ಇನ್ನೂ ಒಂಬತ್ತು ವರ್ತಕರ ಪತ್ರಗಳು ಉಳಿದಿದ್ದುವು. ಬೆಳಗಿನಿಂದಲೇ ಸಂಪರ್ಕವು ಕುಂಟುತ್ತಿದ್ದಿತು. ಮಂಡಿಯವರು ಆ ವಾರವಷ್ಟೇ ವಖಾರಕ್ಕೆ ಎಂಟು ಕ್ಯಾಮೆರಾಗಳನ್ನು ಹಾಕಿಸಿ, ಅವು ಕಂಡದ್ದನ್ನೆಲ್ಲ ದೂರದ ಸಂಗ್ರಹಕ್ಕೆ ಹಗಲಿರುಳೂ ಕಳುಹಿಸುವಂತೆ ಮಾಡಿದ್ದರು. ಒಂದೊಂದಕ್ಕೆ 3 ಮೆಗಾಬಿಟ್ಟಿನಂತೆ 24 ಅವುಗಳಿಗೇ ಸಂದುಹೋಗಿ, 30ರಲ್ಲಿ ಉಳಿದದ್ದು 6. ಅದರಲ್ಲಿಯೇ ಎರಡು ಕಚೇರಿಗಳೂ ಬದುಕಬೇಕು. ಕಿರಿದಾದ ಸೇತುವೆಯ ಮೇಲೆ ಲಾರಿಗಳ ಸಾಲು ನಿಂತರೆ ಅಂಚೆಯವನ ಬೈಸಿಕಲ್ಲೂ ನಿಲ್ಲಬೇಕಾಗುವಂತೆ, ಒಂದು ಪುಟದ ಚಿಕ್ಕ ಪತ್ರವೂ ಕಾಯುತ್ತ ಕುಳಿತಿತು. ಸಂಜೆ ಏಳೂವರೆಗೆ ಕೃತ್ತಿಕೆಯ ಅಡ್ಡಮಳೆ ಗುಡುಗುತ್ತ ಬಂದಿತು. ಎಂಟಕ್ಕೆ ಅಣ್ಣನು ಮಂಡಿಯ ಬಾಗಿಲು ಹಾಕುವ ಮುನ್ನ ಮುಖ್ಯ ಗುಂಡಿಯನ್ನು ಆರಿಸಿದನು. ಗೂಡಿನ ರೌಟರ್ ಕಣ್ಣು ಮುಚ್ಚಿತು. ಗೋಡೆಯಾಚೆ ಐದು ಪತ್ರಗಳು ಸಲ್ಲದೆ ಉಳಿದುವು.

ತಮ್ಮನು ಮಳೆಯಲ್ಲಿಯೇ ಹೊರಗೆ ಬಂದನು. "ನಿನ್ನ ಬೀಗದಕೈಯಲ್ಲಿ ನನ್ನ ಕಚೇರಿ ಇರಬೇಕೆ?" ಎಂದನು. "ಸಿಡಿಲು ಕಾಣುವುದಿಲ್ಲವೆ?" ಎಂದು ಹಿರಿಯವನು ಹೊರಟುಹೋದನು. ಆ ರಾತ್ರಿ ತಮ್ಮನು ಮೊಬೈಲಿನ ಸಂಪರ್ಕವನ್ನು ಗಣಕಯಂತ್ರಕ್ಕೆ ಹಂಚಿಕೊಂಡು ಮೂರು ಪತ್ರಗಳನ್ನು ಸಲ್ಲಿಸಿದನು. ಎರಡು ಹನ್ನೆರಡು ಗಂಟೆಯನ್ನು ದಾಟಿದುವು. ದಂಡವನ್ನು ತನ್ನ ಕೈಯಿಂದಲೇ ಕಟ್ಟಿದನು. ಅಂದಿನಿಂದ ಹನ್ನೊಂದು ದಿವಸ ಅಣ್ಣತಮ್ಮಂದಿರು ಮಾತನಾಡಲಿಲ್ಲ.

ಸಿಡಿಲಿಗಾಗಿ ಆರಿಸಿದನೋ ಸಿಟ್ಟಿಗಾಗಿ ಆರಿಸಿದನೋ? ತಂದೆಯ ಕಾಲದಲ್ಲಿ ಒಮ್ಮೆ ಸಿಡಿಲು ಬಡಿದು ದೂರವಾಣಿಯ ಪೆಟ್ಟಿಗೆ ಸುಟ್ಟುಹೋಗಿದ್ದಿತು. ಅಂದಿನಿಂದ ಗುಡುಗಿದ ಸಂಜೆಗಳಲ್ಲಿ ಗುಂಡಿ ಆರಿಸುವುದು ಆ ಮನೆಯ ಪದ್ಧತಿ. ಆದರೆ ಹಿಂದಿನ ತಿಂಗಳ ಅಂತಹದೊಂದು ಸಂಜೆ ಅಣ್ಣನು, "ಆರಿಸಲೇನೋ?" ಎಂದು ಗೋಡೆಯಾಚೆಗೆ ಕೂಗಿ ಕೇಳಿದ್ದನು. ಈ ಸಲ ಕೇಳಲಿಲ್ಲ. ಕಾರಣವನ್ನು ಅವನನ್ನೇ ಕೇಳಿದ್ದರೂ ಅವನಿಗೆ ಹೇಳಲು ತಿಳಿಯುತ್ತಿತ್ತೋ ಇಲ್ಲವೋ. ಮನುಷ್ಯನು ಪದ್ಧತಿಯ ಮರೆಯಲ್ಲಿ ನಿಂತು ಕೋಪವನ್ನು ತೀರಿಸಿಕೊಳ್ಳುವಾಗ ಅವನಿಗೇ ಅದು ಕಾಣದಿರುವುದುಂಟು.

ತಮ್ಮನು ಬೇರೊಂದು ಸಂಪರ್ಕಕ್ಕೆ ಅರ್ಜಿ ಬರೆದನು. ಅದನ್ನು ತಾಯಿಗೆ ಹೇಳಲು ಮೆಟ್ಟಿಲು ಹತ್ತಿದಾಗ ಆಕೆ ಎಲ್ಲವನ್ನೂ ಕೇಳಿ, "ಬೇಕಾದರೆ ಹಾಕಿಸಿಕೋ, ಬೇಡವೆನ್ನುವುದಿಲ್ಲ. ಆದರೆ ಒಂದು ಮಾತು ಹೇಳು. ಬಾವಿ ಅಣ್ಣನ ಅಂಗಳದಲ್ಲಿದ್ದಿದ್ದರೆ ನೀವು ಇಷ್ಟು ವರ್ಷ ನೀರು ಸೇದುತ್ತಿದ್ದಿರೇ?" ಎಂದು ಕೇಳಿದರು. ಸ್ವಲ್ಪ ತಡೆದು, "ಆ ಪೆಟ್ಟಿಗೆಯನ್ನು ಅವನ ಕೋಣೆಯಲ್ಲಿ ಏಕೆ ಇಟ್ಟಿರಿ? ಮೆಟ್ಟಿಲಿನಲ್ಲಿ ಜಾಗವಿರಲಿಲ್ಲವೆ?" ಎಂದರು.

ಆಕೆಗೆ ನ್ಯಾಟ್ ಗೊತ್ತಿಲ್ಲ, ವ್ಯಾನ್ ಗೊತ್ತಿಲ್ಲ. ಆದರೂ ಆಕೆ ಹೇಳಿದ್ದು ಈ ವಿದ್ಯೆಯನ್ನು ಬಲ್ಲವರು ಒಪ್ಪುವ ಮಾರ್ಗವೇ. ಹೊರಗಿನಿಂದ ಬಂದ ಸಂಪರ್ಕಕ್ಕೆ ಒಂದು ದ್ವಾರದ ರೌಟರ್. ಅದರ ಎರಡು ಲ್ಯಾನ್ ರಂಧ್ರಗಳಿಂದ ಎರಡು ಕೇಬಲುಗಳು ಹೊರಟು ಅಣ್ಣನ ರೌಟರಿನ ವ್ಯಾನಿಗೊಂದು, ತಮ್ಮನ ರೌಟರಿನ ವ್ಯಾನಿಗೊಂದು. ಕವಲೊಡೆದ ಕೊಂಬೆಯ ಆಕಾರ. ಇದರಲ್ಲಿ ಇಬ್ಬರಿಗೂ ಬೀದಿಯೆಂಬುದು ಮೆಟ್ಟಿಲೇ ಆಗುವುದು. ಒಬ್ಬನ ಕೋಣೆ ಇನ್ನೊಬ್ಬನ ಬೀದಿಯಾಗುವುದಿಲ್ಲ. ಅಣ್ಣನು ಕೇಳದೆ ತಮ್ಮನಲ್ಲಿಗೆ ಹೋಗಲಾರ, ತಮ್ಮನು ಅಣ್ಣನಲ್ಲಿಗೆ ಹೋಗಲಾರ. ಸಂಸ್ಕೃತದ ನ್ಯಾಯಗಳಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಯನ್ನೂ ಹೊರಜಗಲಿಯನ್ನೂ ಏಕಕಾಲದಲ್ಲಿ ಬೆಳಗುವುದೆಂದು ಅದರ ಅರ್ಥ. ವ್ಯಾಖ್ಯಾನಕಾರರು ಒಂದೇ ಪದವು ಹಿಂದಕ್ಕೂ ಮುಂದಕ್ಕೂ ಅನ್ವಯವಾಗುವ ಸ್ಥಳಗಳಲ್ಲಿ ಇದನ್ನು ಉದಾಹರಿಸುವರು. ದೀಪವು ಎರಡು ಕಡೆಗೂ ಬೆಳಕನ್ನು ಕೊಡಬೇಕಾದರೆ ಅದು ಎರಡರಲ್ಲಿ ಯಾವುದಕ್ಕೂ ಸೇರದ ಸ್ಥಳದಲ್ಲಿರಬೇಕೆಂಬುದು ಆ ನ್ಯಾಯದ ಒಳದನಿ.

ತಾಯಿಯು ಹಿರಿಯವನನ್ನೂ ಕರೆಸಿದರು. ಅಲ್ಲಿ ನಡೆದ ಮಾತು ಕೆಳಗೆ ಕೇಳಿಬರಲಿಲ್ಲ. ಮರುದಿನ ಕಂಪನಿಯ ಕೆಲಸಗಾರನು ಬಂದು ಪೆಟ್ಟಿಗೆಯನ್ನು ಮೆಟ್ಟಿಲಿನ ತಿರುವಿನ ಗೋಡೆಗೆ ಸಾಗಿಸಿದನು. ಅಣ್ಣನು ಮಂಡಿಗೆ ಬೇರೆ ರೌಟರನ್ನು ಕೊಂಡನು. ದ್ವಾರದ ಪೆಟ್ಟಿಗೆಯ ವೈ-ಫೈಯನ್ನು ಆರಿಸಲಾಯಿತು. ಇಲ್ಲವಾದರೆ ಮೆಟ್ಟಿಲಿನಲ್ಲಿ ನಿಂತ ಯಾರಾದರೂ ನಡುವೆ ಸೇರಿಕೊಳ್ಳಬಹುದು. ದ್ವಾರಕ್ಕೆ 192.168.1, ಮಂಡಿಗೆ 192.168.10, ತಮ್ಮನ ಕಚೇರಿಗೆ 192.168.20 ಎಂದು ಮೂರು ಸಾಲಿನ ವಿಳಾಸಗಳು ಗೊತ್ತಾದುವು. ಮೆಟ್ಟಿಲಿನ ದೀಪಕ್ಕೆ ಮೊದಲಿನಿಂದಲೂ ಸಮಾಯಿಕದ ಮೀಟರಿದ್ದಿತು. ಪೆಟ್ಟಿಗೆಯನ್ನು ಅದಕ್ಕೇ ಸೇರಿಸಿ, ನಡುವೆ ಬ್ಯಾಟರಿಯ ಚಿಕ್ಕದೊಂದು ಯು.ಪಿ.ಎಸ್. ಇಟ್ಟರು. ಕ್ಯಾಮೆರಾಗಳು ವಖಾರದಲ್ಲಿಯೇ ತಮ್ಮ ಪೆಟ್ಟಿಗೆಯಲ್ಲಿ ಚಿತ್ರಗಳನ್ನು ಕೂಡಿಡುವಂತೆಯೂ, ಯಜಮಾನನು ನೋಡಬಯಸಿದಾಗ ಮಾತ್ರ ಹೊರಗೆ ಕಳುಹಿಸುವಂತೆಯೂ ಮಾಡಿದರು. ಇಷ್ಟಾದರೂ ಒಬ್ಬರು 20 ಮೆಗಾಬಿಟ್ಟಿಗಿಂತ ಹೆಚ್ಚನ್ನು ಸೆಳೆಯದಂತೆ ದ್ವಾರದಲ್ಲಿ ಮಿತಿಯನ್ನು ಬರೆಯಲಾಯಿತು. ಹೀಗೆ ಇನ್ನೊಬ್ಬರಿಗೆ 10 ಯಾವಾಗಲೂ ಉಳಿಯುವುದು.

ಸಿಡಿಲಿನ ವಿಷಯವನ್ನೂ ವಿಚಾರಿಸಿದರು. ಗಾಜಿನ ತಂತು ವಿದ್ಯುತ್ತನ್ನು ಒಯ್ಯದು. ಭಯವಿರುವುದು ಕರೆಂಟಿನ ತಂತಿಯಿಂದಲೂ, ಗಾಜಿಗೆ ಆಧಾರವಾಗಿ ಉಕ್ಕಿನ ಸರಿಗೆ ಬಂದಿದ್ದರೆ ಅದರಿಂದಲೂ. ಗುಡುಗಿದಾಗ ಯು.ಪಿ.ಎಸ್.ನ ತಂತಿಯನ್ನು ಗೋಡೆಯಿಂದ ಕಿತ್ತುಬಿಟ್ಟರೆ ಪೆಟ್ಟಿಗೆಯು ಕೆಲವು ಕಾಲ ಬ್ಯಾಟರಿಯ ಮೇಲೆಯೇ ನಡೆಯುವುದು. ಕಿರಿಯವನೂ ತನ್ನ ಕಡೆಗೆ ಅಂತಹದನ್ನೇ ತಂದಿಟ್ಟುಕೊಂಡನು.

ಈ ಮಾರ್ಗದಲ್ಲಿ ದೋಷವಿಲ್ಲವೆಂದಲ್ಲ. ಪತ್ರಗಳ ವಿಳಾಸ ಎರಡೆರಡು ಸಲ ಬದಲಾಗುವುದು. ಒಳಗಿನಿಂದ ಹೊರಟ ಕೆಲಸಗಳಿಗೆ ಇದರಿಂದ ತೊಂದರೆಯಿಲ್ಲ. ಹೊರಗಿನಿಂದ ನೇರವಾಗಿ ಒಳಕ್ಕೆ ಬರಬೇಕಾದ ದಾರಿಯೇನಾದರೂ ಬೇಕಾದರೆ ಎರಡು ಬಾಗಿಲುಗಳಲ್ಲಿಯೂ ಅಪ್ಪಣೆ ಬರೆಯಬೇಕಾಗುವುದು. ಇನ್ನೊಂದು, ಹೊರಗಿನ ಲೋಕಕ್ಕೆ ಎರಡು ಕಚೇರಿಗಳೂ ಒಂದೇ ವಿಳಾಸದವರಾಗಿ ಕಾಣುವರು. ಒಬ್ಬರ ಯಂತ್ರದಿಂದ ತಪ್ಪೊಂದು ನಡೆದರೆ ಮೊದಲು ವಿಚಾರಣೆಗೆ ಬರುವುದು ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರಲ್ಲಿಗೆ. ಆದಕಾರಣ ಹೀಗೆ ಹಂಚಿಕೊಳ್ಳಬಯಸುವವರು ಕಂಪನಿಯ ಕರಾರಿನಲ್ಲಿ ಇದಕ್ಕೆ ಎಡೆಯುಂಟೋ ಇಲ್ಲವೋ ಎಂಬುದನ್ನು ಮೊದಲು ಓದಿಕೊಳ್ಳತಕ್ಕದ್ದು. ಯಂತ್ರವು ಒಬ್ಬರ ಕಡತವನ್ನು ಇನ್ನೊಬ್ಬರಿಂದ ಮರೆಮಾಡಬಲ್ಲುದು. ಒಬ್ಬರ ಹೆಸರನ್ನು ಇನ್ನೊಬ್ಬರ ನಡತೆಯಿಂದ ಕಾಪಾಡಲಾರದು. ಅಷ್ಟು ನಂಬಿಕೆ ಉಳಿಯಲೇಬೇಕು.

ಹೆಸರು ಅಣ್ಣನದೇ ಉಳಿಯಿತು. ತಮ್ಮನು ಒಂದು ಹಾಳೆಯಲ್ಲಿ ಬರೆದನು: ತಿಂಗಳ ಬಾಡಿಗೆ ಅರ್ಧ ಅರ್ಧ, ದ್ವಾರದ ಪೆಟ್ಟಿಗೆಯ ಗುಪ್ತಪದವು ಇಬ್ಬರಲ್ಲಿ ಯಾರೊಬ್ಬರ ಕೈಯಲ್ಲಿಯೂ ಇರದೆ, ಅಂಟಿಸಿದ ಲಕೋಟೆಯಲ್ಲಿ ತಾಯಿಯ ಪೆಟ್ಟಿಗೆಯಲ್ಲಿರತಕ್ಕದ್ದು, ತೆರೆಯಬೇಕಾದರೆ ಇಬ್ಬರೂ ಎದುರಿಗಿದ್ದು ತೆರೆಯತಕ್ಕದ್ದು, ಬಿಡಬೇಕೆಂದವರು ಒಂದು ತಿಂಗಳು ಮುಂಚೆ ಹೇಳತಕ್ಕದ್ದು. ಅಣ್ಣನು ಅದನ್ನು ಓದಿ, ಕೊನೆಗೆ 'ತಕರಾರಿಲ್ಲದೆ' ಎಂಬ ಶಬ್ದವನ್ನು ತನ್ನ ಕೈಯಿಂದ ಸೇರಿಸಿ ರುಜು ಹಾಕಿದನು. ಅರ್ಜಿಯು ತಮ್ಮನ ಮೇಜಿನ ಖಾನೆಯಲ್ಲಿಯೇ ಉಳಿಯಿತು. ಹರಿದು ಹಾಕಲೂ ಇಲ್ಲ, ಕಳುಹಿಸಲೂ ಇಲ್ಲ.

ಮೊದಲೇ ಹೀಗೆ ಮಾಡಿದ್ದರೆ ಖರ್ಚು ಒಂದು ರೌಟರಿನಷ್ಟು, ಹತ್ತಿಪ್ಪತ್ತು ಮೊಳ ಕೇಬಲಿನಷ್ಟು. ಮೊದಲೇ ಏಕೆ ಹೊಳೆಯಲಿಲ್ಲವೆಂದರೆ, ಕೊಡುವವನಿಗೆ ತನ್ನ ಕೋಣೆಯಿಂದ ಕೊಡುವುದರಲ್ಲಿ ಒಂದು ಸಂತೋಷವುಂಟು. ತೆಗೆದುಕೊಳ್ಳುವವನಿಗೆ ಕೇಳುವ ಸಂಕೋಚವುಂಟು. ಅಣ್ಣನು ಅರ್ಧ ಬಾಡಿಗೆಯನ್ನು ಪಡೆಯುತ್ತಲೇ ತಾನು ಉಪಕಾರ ಮಾಡುತ್ತಿರುವೆನೆಂದು ನಂಬಿದ್ದನು. ತಮ್ಮನು ಅರ್ಧ ಬಾಡಿಗೆಯನ್ನು ಕೊಡುತ್ತಲೇ ತಾನು ಹಂಗಿನಲ್ಲಿರುವೆನೆಂದು ನೊಂದಿದ್ದನು. ಸಮಾಯಿಕದಲ್ಲಿ ಉಪಕಾರವೂ ಇಲ್ಲ, ಹಂಗೂ ಇಲ್ಲ. ಪಾಲುಪಟ್ಟಿ ಬರೆದ ಹಿರಿಯರು ಆ ಮಾತನ್ನು ಆರಿಸಿಕೊಂಡದ್ದು ಸುಮ್ಮನೆಯಲ್ಲ.

ಜೂನ್ 20ರ ಸಂಜೆ ಮೃಗಶಿರೆಯ ಮಳೆ ಹಿಡಿದಿತ್ತು. ಎಂಟು ಗಂಟೆಗೆ ಅಣ್ಣನು ಮಂಡಿಯ ಮುಖ್ಯ ಗುಂಡಿಯನ್ನು ಎಂದಿನಂತೆ ಆರಿಸಿ ಬಾಗಿಲು ಹಾಕಿದನು. ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆಯ ಹಸಿರು ದೀಪಗಳು ಮಿನುಗುತ್ತಿದ್ದುವು. ಗುಡುಗಿದ್ದನ್ನು ಕೇಳಿ ಅವನು ನಾಲ್ಕು ಮೆಟ್ಟಿಲು ಹತ್ತಿ ಯು.ಪಿ.ಎಸ್.ನ ತಂತಿಯನ್ನು ಗೋಡೆಯಿಂದ ಕಿತ್ತನು. ದೀಪಗಳು ಮಿನುಗುತ್ತಲೇ ಇದ್ದುವು. ಇಳಿದು ಬಂದು ತಮ್ಮನ ಬಾಗಿಲಿನಲ್ಲಿ ನಿಂತನು.

"ಎಷ್ಟು ಉಳಿದಿವೆಯೋ?"

"ಎರಡು, ಅಣ್ಣಯ್ಯ."

"ತಂತಿ ಕಿತ್ತಿದ್ದೇನೆ. ಮುಗಿದ ಮೇಲೆ ಹೊರಬಾಗಿಲು ಹಾಕಿಕೊಂಡು ಹೋಗು" ಎಂದು ಹೇಳಿ, ಕೊಡೆಯನ್ನು ಬಿಚ್ಚಿ, ಹಿರಿಯವನು ಮಳೆಯಲ್ಲಿ ಮನೆಯ ಕಡೆಗೆ ನಡೆದನು.